ಸಾರ್ವಜನಿಕ ಗ್ರಂಥಪಾಲಕರ ಕಾರ್ಯ ಮತ್ತು ಹೊಣೆಗಾರಿಕೆ: ಬೆಂಗಳೂರು ದಕ್ಷಿಣ ವಲಯ, ಜಯನಗರ

ಪೀಠಿಕೆ

ಬೆಂಗಳೂರು ದಕ್ಷಿಣ ವಲಯದ ನಗರ ಕೇಂದ್ರ ಗ್ರಂಥಾಲಯವು ಜಯನಗರದಲ್ಲಿ ಕಾರ್ಯನಿರ್ವಹಿಸುತ್ತಿದ್ದು, ಸುತ್ತಲಿನ ಬಡಾವಣೆಗಳಲ್ಲಿರುವ ಶಾಖಾ ಗ್ರಂಥಾಲಯಗಳು ಇದರ ವ್ಯಾಪ್ತಿಗೆ ಒಳಪಟ್ಟಿವೆ. ಗ್ರಂಥಪಾಲಕರೆಂದರೆ ಪುಸ್ತಕಗಳನ್ನು ಕೊಟ್ಟು ಪಡೆಯುವ ನೌಕರರು ಮಾತ್ರವೆಂಬ ತಿಳಿವಳಿಕೆ ಸಾರ್ವಜನಿಕರಲ್ಲಿ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಅವರು ಸರ್ಕಾರಿ ಸ್ವತ್ತಿನ ಪಾಲಕರೂ ಹೌದು, ಆ ಸ್ವತ್ತನ್ನು ಜನರ ಕೈಗೆ ತಲುಪಿಸಬೇಕಾದ ಸೇವಕರೂ ಹೌದು. ಈ ಎರಡು ಕರ್ತವ್ಯಗಳ ಸ್ವರೂಪವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಕಾನೂನಿನ ಹಿನ್ನೆಲೆ

ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮವು 1965ರಲ್ಲಿ ಅಂಗೀಕೃತವಾಯಿತು. ತದನಂತರ 1966ರ ನವೆಂಬರ್ 1ರಂದು ಸಾರ್ವಜನಿಕ ಗ್ರಂಥಾಲಯ ಇಲಾಖೆಯು ಅಸ್ತಿತ್ವಕ್ಕೆ ಬಂದಿತು. ಕಬ್ಬನ್ ಉದ್ಯಾನದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯವು ಈ ವ್ಯವಸ್ಥೆಯ ಶಿರೋಭಾಗದಲ್ಲಿದೆ. ನಗರಗಳಲ್ಲಿ ನಗರ ಕೇಂದ್ರ ಗ್ರಂಥಾಲಯ ಹಾಗೂ ಶಾಖಾ ಗ್ರಂಥಾಲಯಗಳು ಸೇವೆ ಒದಗಿಸುತ್ತವೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಲಾಗಿದೆ.

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆಂದು ಗೌರವಿಸಲಾಗುವ ಡಾ. ಎಸ್. ಆರ್. ರಂಗನಾಥನ್ ಅವರು ತಮ್ಮ ಜೀವನದ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿಯೇ ಕಳೆದು, 1972ರಲ್ಲಿ ಇಲ್ಲಿಯೇ ನಿಧನರಾದರು. 1962ರಲ್ಲಿ ಅವರು ಇದೇ ನಗರದಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು.

ಗ್ರಂಥಾಲಯ ಕರ

ಗ್ರಂಥಾಲಯಗಳ ನಿರ್ವಹಣೆಗೆ ಬೇಕಾದ ಹಣದ ಮುಖ್ಯ ಮೂಲವು ಆಸ್ತಿ ತೆರಿಗೆಯೊಂದಿಗೆ ವಸೂಲಾಗುವ ಗ್ರಂಥಾಲಯ ಕರ. ಬೆಂಗಳೂರಿನಲ್ಲಿ ಇದರ ದರ ಆಸ್ತಿ ತೆರಿಗೆಯ ಶೇ. 6. ಉದಾಹರಣೆಗೆ, ವಾರ್ಷಿಕ 5,000 ರೂ. ಆಸ್ತಿ ತೆರಿಗೆ ಪಾವತಿಸುವ ಮನೆಯ ಮಾಲೀಕರು ಅದರೊಂದಿಗೆ 300 ರೂ. ಗ್ರಂಥಾಲಯ ಕರವನ್ನೂ ಪಾವತಿಸಿರುತ್ತಾರೆ. ಗ್ರಂಥಾಲಯದ ಮೆಟ್ಟಿಲನ್ನು ಒಮ್ಮೆಯೂ ಹತ್ತದವರು ಸಹ ಹೀಗೆ ಅದರ ವೆಚ್ಚದಲ್ಲಿ ಪಾಲುದಾರರು. ಕರವನ್ನು ವಸೂಲು ಮಾಡುವುದು ಸ್ಥಳೀಯ ಸಂಸ್ಥೆ, ವೆಚ್ಚ ಮಾಡುವುದು ಗ್ರಂಥಾಲಯ. ಆದ್ದರಿಂದ ಹಣದ ವರ್ಗಾವಣೆ ವಿಳಂಬವಾದಲ್ಲಿ ಪತ್ರಿಕೆಗಳ ಬಿಲ್ಲು, ಕಟ್ಟಡ ದುರಸ್ತಿ ಮತ್ತು ಹೊಸ ಪುಸ್ತಕಗಳ ಖರೀದಿಯ ಮೇಲೆ ನೇರ ಪರಿಣಾಮ ಉಂಟಾಗುತ್ತದೆ.

ಗ್ರಂಥಪಾಲಕರ ಪ್ರಮುಖ ಕಾರ್ಯಗಳು

1. ಬಂದ ಪ್ರತಿಯೊಂದು ಪುಸ್ತಕಕ್ಕೂ ಪರಿಗ್ರಹಣ ಸಂಖ್ಯೆ ನೀಡಿ ವಹಿಯಲ್ಲಿ ದಾಖಲಿಸುವುದು, ವರ್ಗೀಕರಿಸುವುದು ಹಾಗೂ ಸೂಚೀಕರಿಸುವುದು.
2. ಸದಸ್ಯತ್ವ ನೀಡುವುದು, ಠೇವಣಿಯ ಲೆಕ್ಕ ಇಡುವುದು, ಪುಸ್ತಕಗಳನ್ನು ಎರವಲು ನೀಡಿ ಹಿಂಪಡೆಯುವುದು.
3. ದಿನಪತ್ರಿಕೆ ಹಾಗೂ ನಿಯತಕಾಲಿಕೆಗಳನ್ನು ಪ್ರತಿದಿನ ಪರಿಶೀಲಿಸಿ ವಾಚನಾಲಯದಲ್ಲಿ ಇರಿಸುವುದು.
4. ಹರಿದ ಪುಸ್ತಕಗಳನ್ನು ಬೈಂಡಿಂಗ್‌ಗೆ ಕಳುಹಿಸುವುದು, ಬಳಕೆಗೆ ಬಾರದವುಗಳನ್ನು ನಿಯಮಾನುಸಾರ ವಿಲೇವಾರಿಗೆ ಪ್ರಸ್ತಾಪಿಸುವುದು.
5. ಪ್ರತಿ ವರ್ಷ ನವೆಂಬರ್ 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹವನ್ನು ಏರ್ಪಡಿಸುವುದು.

ಜಯನಗರದ ಓದುಗರು

1948ರಲ್ಲಿ ಆರಂಭವಾದ ಜಯನಗರವು ನಗರದ ಹಳೆಯ ಯೋಜಿತ ಬಡಾವಣೆಗಳಲ್ಲಿ ಒಂದು. ನಿವೃತ್ತ ನೌಕರರು, ಕಾಲೇಜು ವಿದ್ಯಾರ್ಥಿಗಳು ಮತ್ತು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಿದ್ಧತೆ ನಡೆಸುವ ಯುವಜನರು ಇಂತಹ ಬಡಾವಣೆಯ ಗ್ರಂಥಾಲಯದ ಪ್ರಮುಖ ಓದುಗರು. ಇವರ ಅಗತ್ಯಗಳು ಒಂದೇ ಬಗೆಯವಲ್ಲ. ಹಿರಿಯರಿಗೆ ಬೆಳಗಿನ ಪತ್ರಿಕೆ ಹಾಗೂ ಉತ್ತಮ ಬೆಳಕು ಬೇಕು. ಪರೀಕ್ಷಾರ್ಥಿಗೆ ದಿನವಿಡೀ ಕೂರುವ ಸ್ಥಳ, ಕುಡಿಯುವ ನೀರು ಮತ್ತು ಹೊಸ ಆವೃತ್ತಿಯ ಪುಸ್ತಕಗಳು ಬೇಕು. ಬಾಡಿಗೆ ಕೊಠಡಿಯನ್ನು ನಾಲ್ವರೊಂದಿಗೆ ಹಂಚಿಕೊಂಡಿರುವ ಪರೀಕ್ಷಾರ್ಥಿಗೆ ಗ್ರಂಥಾಲಯದ ಮೇಜೇ ಅಧ್ಯಯನ ಕೊಠಡಿ. ಗೃಹಿಣಿಯರು ಕಾದಂಬರಿಗಳನ್ನು ಮನೆಗೆ ಒಯ್ಯಲು ಬಯಸುತ್ತಾರೆ. ಇರುವ ಆಸನಗಳನ್ನೂ ಸಮಯವನ್ನೂ ಇವರೆಲ್ಲರ ನಡುವೆ ನ್ಯಾಯವಾಗಿ ಹಂಚುವುದು ಯಾವ ವಹಿಯಲ್ಲಿಯೂ ದಾಖಲಾಗದ, ಆದರೆ ಪ್ರತಿದಿನ ನಿರ್ವಹಿಸಬೇಕಾದ ಕಾರ್ಯ.

ಪುಸ್ತಕ ಪಾಲನೆ ಮತ್ತು ಹೊಣೆಗಾರಿಕೆ

ಗ್ರಂಥಪಾಲಕರು ವರ್ಗಾವಣೆಗೊಂಡಾಗ ಅಥವಾ ನಿವೃತ್ತರಾದಾಗ ಪುಸ್ತಕಗಳನ್ನು ವಹಿಯೊಂದಿಗೆ ತಾಳೆ ನೋಡಿ ಪ್ರಭಾರ ಹಸ್ತಾಂತರಿಸಬೇಕಾಗುತ್ತದೆ. ಸಾವಿರಾರು ಪುಸ್ತಕಗಳ ಪೈಕಿ ಕೆಲವು ಕಾಣದಿದ್ದಲ್ಲಿ ವಿವರಣೆ ನೀಡಬೇಕಾದವರು ಅವರೇ. ನಷ್ಟದ ಮೊತ್ತವು ತಮ್ಮ ವೇತನದಿಂದ ಅಥವಾ ನಿವೃತ್ತಿ ಸೌಲಭ್ಯದಿಂದ ವಸೂಲಾಗಬಹುದೆಂಬ ಆತಂಕವಿದ್ದಲ್ಲಿ, ಒಳ್ಳೆಯ ಪುಸ್ತಕಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದೇ ಕ್ಷೇಮವೆನಿಸುವುದು ಸಹಜ. ಹಾಗಾದಲ್ಲಿ ವಹಿಯಲ್ಲಿ ಪುಸ್ತಕವಿರುತ್ತದೆ, ಓದುಗರಿಗೆ ಇರುವುದಿಲ್ಲ. ಲೆಕ್ಕ ಸರಿಯಾಗಿರುತ್ತದೆ, ಉದ್ದೇಶ ಈಡೇರಿರುವುದಿಲ್ಲ.

ಮಧ್ಯಯುಗದ ಯೂರೋಪಿನಲ್ಲಿ ಪುಸ್ತಕಗಳನ್ನು ಕಪಾಟಿಗೆ ಸರಪಳಿಯಿಂದ ಬಿಗಿದಿಡುವ ರೂಢಿಯಿತ್ತು. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಮೊದಲನೆಯದು ಇಂತಹ ಮನೋಭಾವವನ್ನು ತಿರಸ್ಕರಿಸಿ, ಕಾಪಿಡುವುದಕ್ಕಿಂತ ಬಳಕೆಗೆ ಮೊದಲ ಸ್ಥಾನ ನೀಡುತ್ತದೆ.

ಈ ವಿಷಯದಲ್ಲಿ ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಗಮನಾರ್ಹ. ಅವುಗಳ ಪ್ರಕಾರ, ಒಂದು ವರ್ಷದಲ್ಲಿ ಎರವಲು ನೀಡಿದ ಅಥವಾ ಪರಾಮರ್ಶಿಸಲಾದ ಪ್ರತಿ 1,000 ಸಂಪುಟಗಳಿಗೆ 5 ಸಂಪುಟಗಳ ನಷ್ಟವನ್ನು, ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಕಾರಣವಲ್ಲದಿದ್ದಲ್ಲಿ, ಸಮಂಜಸವೆಂದು ಪರಿಗಣಿಸಬಹುದು. ಅಂದರೆ ವರ್ಷಕ್ಕೆ 40,000 ಸಂಪುಟಗಳು ಬಳಕೆಯಾಗುವ ಗ್ರಂಥಾಲಯದಲ್ಲಿ 200 ಸಂಪುಟಗಳವರೆಗಿನ ನಷ್ಟ ಈ ಮಿತಿಯೊಳಗೆ ಬರುತ್ತದೆ. 1,000 ರೂ.ಗೂ ಮೀರಿದ ಬೆಲೆಯ ಅಥವಾ ಅಪರೂಪದ ಪುಸ್ತಕ ಕಳೆದಲ್ಲಿ ಮಾತ್ರ ವಿಚಾರಣೆ ಕಡ್ಡಾಯ. ಇವು ಕೇಂದ್ರ ಸರ್ಕಾರದ ಕಚೇರಿಗಳಿಗೆ ಅನ್ವಯಿಸುವ ನಿಯಮಗಳಾದರೂ, ಇವುಗಳ ಹಿಂದಿನ ತತ್ವ ಸ್ಪಷ್ಟ: ನಷ್ಟದ ಮಿತಿಯನ್ನು ಬಳಕೆಯ ಪ್ರಮಾಣಕ್ಕೆ ಹೊಂದಿಸಿರುವುದರಿಂದ, ಹೆಚ್ಚು ಪುಸ್ತಕ ನೀಡಿದ ಗ್ರಂಥಪಾಲಕರಿಗೆ ಹೆಚ್ಚಿನ ರಕ್ಷಣೆ ದೊರೆಯುತ್ತದೆ.

ಡಿಜಿಟಲ್ ಸೇವೆ

ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯವು 2020ರ ಫೆಬ್ರವರಿಯಲ್ಲಿ ಆರಂಭಗೊಂಡಿತು. ಇದರಿಂದ ಓದುವ ಸಾಮಗ್ರಿಯನ್ನು ಮೊಬೈಲ್ ದೂರವಾಣಿಯಲ್ಲಿಯೂ ಪಡೆಯಲು ಅವಕಾಶವಾಯಿತು. ಆದಾಗ್ಯೂ ಶಾಂತವಾಗಿ ಕುಳಿತು ಓದುವ ಸ್ಥಳ ಮತ್ತು ಬೇಕಾದ ಪುಸ್ತಕವನ್ನು ತಿಳಿದು ಸೂಚಿಸುವ ವ್ಯಕ್ತಿ, ಇವೆರಡನ್ನೂ ಗ್ರಂಥಾಲಯವೇ ಒದಗಿಸಬೇಕಾಗಿದೆ.

ಸಾರ್ವಜನಿಕರ ಸಹಕಾರ

1. ಎರವಲು ಪಡೆದ ಪುಸ್ತಕವನ್ನು ನಿಗದಿತ ಅವಧಿಯೊಳಗೆ ಹಿಂದಿರುಗಿಸುವುದು. ಕಳೆದಲ್ಲಿ ಕೂಡಲೇ ತಿಳಿಸುವುದು.
2. ಪುಟಗಳನ್ನು ಹರಿಯದಿರುವುದು, ಅಡಿಗೆರೆ ಎಳೆಯದಿರುವುದು.
3. ಬೇಕಾದ ಪುಸ್ತಕ ಇಲ್ಲದಿದ್ದಲ್ಲಿ ಬೇಡಿಕೆಯನ್ನು ಲಿಖಿತವಾಗಿ ಸಲ್ಲಿಸುವುದು.
4. ಬೀರುವಿನಲ್ಲಿರುವ ಪುಸ್ತಕವನ್ನು ಸಂಕೋಚವಿಲ್ಲದೆ ಕೇಳಿ ಪಡೆಯುವುದು.

ಹಿಂದಿರುಗಿದ ಪ್ರತಿಯೊಂದು ಪುಸ್ತಕವೂ ಮುಂದಿನ ಓದುಗರಿಗೆ ಮತ್ತೊಂದನ್ನು ನೀಡುವ ಧೈರ್ಯವನ್ನು ಗ್ರಂಥಪಾಲಕರಿಗೆ ತುಂಬುತ್ತದೆ. ಗ್ರಂಥಾಲಯ ಕರ ಪಾವತಿಸುವ ನಾಗರಿಕರೆಲ್ಲರೂ ತಮ್ಮ ಸಮೀಪದ ಗ್ರಂಥಾಲಯದ ಸದಸ್ಯತ್ವ ಪಡೆದು ಅದರ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.