ಕಾಳಿ ನದಿಯಲ್ಲೊಂದು ಬೆಳದಿಂಗಳ ಔಟಿಂಗು

ಔಟಿಂಗ್ ಅಂದ ಕೂಡಲೇ ನಮ್ಮ ಬೆಂಗಳೂರಿನ ಸಾಫ್ಟ್‌ವೇರ್ ಮಂದಿಗೆ ನೆನಪಾಗೋದು ಮೂರೋ ನಾಲ್ಕೋ ವಿಷಯ. ಮಾಲಿನಲ್ಲಿ ಬೌಲಿಂಗು, ಊರಾಚೆಯ ರೆಸಾರ್ಟು, ಇಲ್ಲಾಂದ್ರೆ ರೋಲರ್ ಸ್ಕೇಟಿಂಗು. ಸ್ಕೇಟಿಂಗ್ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಹತ್ತು ಜನ ಹೋದರೆ ಅದರಲ್ಲಿ ಇಬ್ಬರು ಜೋರಾಗಿ ಸುತ್ತು ಹೊಡೆಯುತ್ತಾರೆ, ನಾಲ್ವರು ಕಂಬಿ ಹಿಡಿದುಕೊಂಡು ಹೆಜ್ಜೆ ಇಡುತ್ತಾರೆ, ಉಳಿದ ನಾಲ್ವರು ಎಲ್ಲರ ಚಪ್ಪಲಿ, ಮೊಬೈಲು ಕಾಯುತ್ತಾ ಕೂರುತ್ತಾರೆ. ಗಂಟೆಗೆ ಇಷ್ಟು ಅಂತ ದುಡ್ಡು ಬೇರೆ!

ಗೆಳೆಯರೆಲ್ಲ ಸೇರಿ ಮೈ ದಣಿಯುವ ಹಾಗೆ ಏನಾದರೂ ಮಾಡಬೇಕು, ಬರುತ್ತೆ ಬರಲ್ಲ ಅನ್ನೋ ಭೇದ ಇರಬಾರದು, ವಾಪಸ್ ಬಂದ ಮೇಲೂ ನೆನಪಿನಲ್ಲಿ ಉಳಿಯಬೇಕು. ಇಂಥದ್ದೊಂದು ಔಟಿಂಗು ನಮ್ಮ ಕಾರವಾರದಲ್ಲಿ 1883ರಲ್ಲಿ ನಡೆದಿತ್ತು. ಹೋದವರಲ್ಲಿ ಒಬ್ಬ ಅದನ್ನು ಮುಂದೆ ಬರೆದಿಟ್ಟ. ಅವನಿಗಾಗ ಇಪ್ಪತ್ತೆರಡು ವರ್ಷ, ಇನ್ನೂ ಮದುವೆಯಾಗಿರಲಿಲ್ಲ. ಹೆಸರು ರವೀಂದ್ರನಾಥ ಟಾಗೋರ್.

ಅದೇ ಕಾಲದಲ್ಲಿ ಸ್ಕೇಟಿಂಗ್ ಕಥೆ ಏನಾಗಿತ್ತು ಅಂತ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ. 18ನೇ ಶತಮಾನದಲ್ಲಿ ಜಾನ್ ಜೋಸೆಫ್ ಮರ್ಲಿನ್ ಎಂಬ ಬೆಲ್ಜಿಯಂ ಕಡೆಯ ಯಂತ್ರಕುಶಲಿ ಲಂಡನ್ನಿನ ಪಾರ್ಟಿಯೊಂದರಲ್ಲಿ ಗಾಲಿ ಶೂ ಹಾಕಿಕೊಂಡು ಪಿಟೀಲು ಬಾರಿಸುತ್ತಾ ಬಂದನಂತೆ. ನಿಲ್ಲಿಸೋದು ಹೇಗೆಂದು ಗೊತ್ತಾಗದೆ ದೊಡ್ಡ ಕನ್ನಡಿಗೆ ಗುದ್ದಿದನಂತೆ! ಬೇಕಾದ ಕಡೆ ತಿರುಗಿಸಬಹುದಾದ ನಾಲ್ಕು ಗಾಲಿಯ ಸ್ಕೇಟಿಗೆ ನ್ಯೂಯಾರ್ಕಿನ ಜೇಮ್ಸ್ ಪ್ಲಿಂಪ್ಟನ್ ಪೇಟೆಂಟ್ ಪಡೆದದ್ದು 1863ರಲ್ಲಿ. 1870ರ ದಶಕದಲ್ಲಿ ಲಂಡನ್ನಿಗೆ ಇದರ ಹುಚ್ಚೇ ಹಿಡಿದಿತ್ತು. ಅಂದರೆ ಟಾಗೋರರು ಕಾರವಾರಕ್ಕೆ ಬರುವ ಹೊತ್ತಿಗೆ ದೊಡ್ಡ ಊರುಗಳ ಯುವಕರಿಗೆ ಸ್ಕೇಟಿಂಗು ಹಳೇ ಸುದ್ದಿ. ಆ ಆಟಕ್ಕೆ ಬೇಕಾದದ್ದು ಒಂದೇ, ಮನುಷ್ಯ ಕಟ್ಟಿದ ನಯವಾದ ನೆಲ. ಕಾರವಾರದಲ್ಲಿ ಇದ್ದದ್ದು ಮರಳು, ಕೆಂಪು ಕಲ್ಲಿನ ಗುಡ್ಡ ಮತ್ತು ನೀರು.

ಆಗಿನ ಕಾರವಾರ

ಈಗಿನ ಕಾರವಾರ ಪೇಟೆ ಅಂಥ ಹಳೆಯದಲ್ಲ. ಹಳೆಯದು ಕದ್ವಾಡ. ಪೇಟೆಯಿಂದ ಪೂರ್ವಕ್ಕೆ ಮೂರು ಮೈಲಿ, ಕಾಳಿ ದಂಡೆಯ ಮೇಲಿನ ಊರು. ಕಾರವಾರ ಎಂಬ ಹೆಸರು ಬಂದದ್ದೇ ಕದ್ವಾಡದಿಂದ ಅಂತ ಹೇಳುತ್ತಾರೆ. ಇಂಗ್ಲಿಷರು ಇಲ್ಲಿ ಕೋಠಿ ಹಾಕಿದ್ದು 1638ರಲ್ಲಿ. ಘಟ್ಟದ ಮೇಲಿನಿಂದ ಬರುವ ಮಸ್ಲಿನ್ ಬಟ್ಟೆ, ಕರಿಮೆಣಸು, ಏಲಕ್ಕಿ ಅವರಿಗೆ ಬೇಕಿತ್ತು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ ಕಾರವಾರ ಜಿಲ್ಲಾ ಕೇಂದ್ರವಾಗಿ ಕಚೇರಿ, ಕೋರ್ಟು, ಬಂಗಲೆ ಎದ್ದವು. ಟಾಗೋರರು ಬಂದಾಗ ಈ ಹೊಸ ಪೇಟೆಗೆ ಸುಮಾರು ಇಪ್ಪತ್ತು ವರ್ಷ. ಅವರಿಗಿಂತ ಚಿಕ್ಕದು!

ಇನ್ನೊಂದು ಮಜಾ ಇದೆ. ಕಾರವಾರದ ಕಡಲು ಅಂದರೆ ಗಾಳಿ ಮರದ ಸಾಲು ಅನ್ನುತ್ತೇವಲ್ಲ, ಆ ಮರವೂ ನಮ್ಮದಲ್ಲ. ಭಾರತಕ್ಕೆ ಗಾಳಿ ಮರ ಮೊದಲು ಬಂದದ್ದೇ ಕಾರವಾರಕ್ಕೆ, 1868ರಲ್ಲಿ, ಕಟ್ಟಿಗೆಗಾಗಿ. ಟಾಗೋರರು ನೋಡಿ ಮರುಳಾದ ಆ ತೋಪಿಗೆ ಆಗ ಬರೀ ಹದಿನೈದು ವರ್ಷ. ನಾವು ಅನಾದಿ ಕಾಲದ್ದು ಅಂದುಕೊಂಡ ನೋಟ ಹೀಗೆ ನಿನ್ನೆ ಮೊನ್ನೆ ನೆಟ್ಟದ್ದಾಗಿರುತ್ತದೆ.

ಅವರ ಅಣ್ಣ ಸತ್ಯೇಂದ್ರನಾಥ ಟಾಗೋರ್ ಐಸಿಎಸ್ ಪಾಸಾದ ಮೊದಲ ಭಾರತೀಯ. ಆಗ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶ. ಅಣ್ಣನ ಮನೆಗೆ ತಮ್ಮ ರಜೆಗೆ ಬಂದ, ಅಷ್ಟೇ ವಿಷಯ.

ಆ ರಾತ್ರಿ

1912ರಲ್ಲಿ ಪ್ರಕಟವಾದ 'ಜೀವನಸ್ಮೃತಿ'ಯಲ್ಲಿ ಟಾಗೋರರು ಆ ರಾತ್ರಿಯನ್ನು ನೆನೆಯುತ್ತಾರೆ. ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಬೆಳದಿಂಗಳ ಒಂದು ಸಂಜೆ ಒಂದಷ್ಟು ಜನ ಸಣ್ಣ ದೋಣಿಯಲ್ಲಿ ಕಾಳಿ ನದಿಯ ಮೇಲಕ್ಕೆ ಹೊರಟರು. ಶಿವಾಜಿಯ ಕಾಲದ ಒಂದು ಗುಡ್ಡದ ಕೋಟೆಯ ಬಳಿ ದೋಣಿ ನಿಲ್ಲಿಸಿ ಇಳಿದರು. ಹತ್ತಿರದಲ್ಲೇ ಒಬ್ಬ ರೈತನ ಮನೆ. ಗುಡಿಸಿ ಸ್ವಚ್ಛವಾಗಿಟ್ಟ ಅಂಗಳ. ಬೆಳದಿಂಗಳು ಬೀಳುವ ಕಡೆ ಕೂತು, ಮನೆಯಿಂದ ಕಟ್ಟಿಕೊಂಡು ಹೋದದ್ದನ್ನು ಬಿಚ್ಚಿ ಉಂಡರು. ವಾಪಸ್ ಬರುವಾಗ ದೋಣಿಯನ್ನು ನೀರಿನ ಸೆಳೆತಕ್ಕೆ ಬಿಟ್ಟರು. ಅಳಿವೆಗೆ ಬರುವಷ್ಟರಲ್ಲಿ ತುಂಬಾ ಹೊತ್ತಾಗಿತ್ತು. ಸಮುದ್ರದ ಮೇಲೆ ಮುಂದುವರಿಯುವುದು ಬಿಟ್ಟು, ಅಲ್ಲೇ ಇಳಿದು ಮರಳಿನ ಮೇಲೆ ಮನೆಗೆ ನಡೆದರು. ಅಲೆಯಿಲ್ಲ, ಗಾಳಿಯಿಲ್ಲ, ಯಾರೂ ಮಾತಾಡಲಿಲ್ಲ. ಮನೆಗೆ ಬಂದ ಮೇಲೆ ನಿದ್ದೆ ಬಾರದೆ ಅವರು ಒಂದು ಕವಿತೆ ಬರೆದರು.

ಇದೇ ಕಾರವಾರದಲ್ಲಿದ್ದಾಗ ಅವರು ಬರೆದ ನಾಟಕ 'ಪ್ರಕೃತಿರ್ ಪ್ರತಿಶೋಧ್'. ಜಗತ್ತನ್ನು ಬಿಟ್ಟೆ ಅಂದುಕೊಂಡ ಸನ್ಯಾಸಿಯನ್ನು ಒಬ್ಬ ಪುಟ್ಟ ಹುಡುಗಿಯ ಪ್ರೀತಿ ಮತ್ತೆ ಜಗತ್ತಿಗೆ ಎಳೆದು ತರುವ ಕಥೆ. ತಮ್ಮ ಮುಂದಿನ ಬರವಣಿಗೆಗೆಲ್ಲ ಇದೇ ಪೀಠಿಕೆ ಅಂತ ಅವರೇ ಹೇಳಿಕೊಂಡಿದ್ದಾರೆ. ಕಾರವಾರದಿಂದ ಹಿಂದಿರುಗಿದ ಸ್ವಲ್ಪ ದಿನಕ್ಕೇ, 1883ರ ಡಿಸೆಂಬರಿನಲ್ಲಿ ಅವರ ಮದುವೆಯಾಯಿತು.

ಭರ್ತಿ, ಸುಕ್ತಿ

ಇಂಜಿನಿಯರ್ ಬುದ್ಧಿ ನೋಡಿ, ನನಗೆ ಕವಿತೆಗಿಂತ ಮೊದಲು ಹೊಳೆದದ್ದು ಟೈಮಿಂಗು! ನಮ್ಮ ಕಡೆ ಕೊಂಕಣಿಯಲ್ಲಿ ಉಬ್ಬರಕ್ಕೆ ಭರ್ತಿ, ಇಳಿತಕ್ಕೆ ಸುಕ್ತಿ ಅನ್ನುತ್ತಾರೆ. ದಿನಕ್ಕೆ ಎರಡು ಭರ್ತಿ, ಎರಡು ಸುಕ್ತಿ. ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆ ಅಮಾವಾಸ್ಯೆಗೆ ಏರಿಳಿತ ಜಾಸ್ತಿ, ಕಾರವಾರದಲ್ಲಿ ಎರಡು ಮೀಟರಿನ ಆಸುಪಾಸು. ಹುಣ್ಣಿಮೆಯ ಹೊತ್ತಿಗೆ ಈ ದಂಡೆಯಲ್ಲಿ ಸಂಜೆ ನೀರು ಏರತೊಡಗಿ ನಡುರಾತ್ರಿಯ ಹತ್ತಿರ ತುಂಬುತ್ತದೆ, ಆಮೇಲೆ ಇಳಿಯುತ್ತದೆ.

ಈಗ ಆ ಔಟಿಂಗನ್ನು ಮತ್ತೊಮ್ಮೆ ನೋಡಿ. ಸಂಜೆ ಹೊರಟರೆ ಕಡಲಿಂದ ಬೀಸುವ ಗಾಳಿ ದೋಣಿಯ ಬೆನ್ನಿಗೆ, ಏರುವ ಭರ್ತಿ ದೋಣಿಯ ತಳಕ್ಕೆ. ಎರಡೂ ಸೇರಿ ಹೊಳೆಯ ಮೇಲಕ್ಕೆ ತಳ್ಳುತ್ತವೆ. ಊಟ ಮುಗಿಸಿ ನಿಧಾನ ಮಾಡಿದರೆ ನೀರು ತಿರುಗುತ್ತದೆ, ಸುಕ್ತಿಯೇ ಕೆಳಕ್ಕೆ ತರುತ್ತದೆ. ಅಷ್ಟೊತ್ತಿಗೆ ಕಡಲ ಗಾಳಿ ಬಿದ್ದುಹೋಗಿರುತ್ತದೆ. ಅದಕ್ಕೇ ವಾಪಸ್ ಪ್ರಯಾಣ ಅಷ್ಟು ನಿಧಾನ, ಅದಕ್ಕೇ ಅಳಿವೆಯಲ್ಲಿ ಇಳಿದು ನಡೆದದ್ದು. ಟಾಗೋರರ ಪುಸ್ತಕದಲ್ಲಿ ದೋಣಿ ನಡೆಸಿದವನ ಹೆಸರಿಲ್ಲ. ಆದರೆ ಆ ರಾತ್ರಿ ಹಾಗೆ ಕೂಡಿಬರಬೇಕಾದರೆ ಈ ನೀರು ಗಾಳಿಯ ಲೆಕ್ಕ ಅವನಿಗೆ ಬಾಯಿಪಾಠ ಆಗಿದ್ದಿರಲೇಬೇಕು. ಸ್ಕೇಟಿಂಗಿಗೆ ಬೇಕಾದ ನಯವಾದ ನೆಲವನ್ನು ದುಡ್ಡು ಕೊಟ್ಟು ಕಟ್ಟಿಸಬಹುದು. ಈ ಲೆಕ್ಕವನ್ನು ದಂಡೆಯ ಮೇಲೆ ಬದುಕಿಯೇ ಕಲಿಯಬೇಕು.

ಆ ಕೋಟೆ ಯಾವುದು? ಹೊಳೆಯ ಬಾಯಲ್ಲೇ ನಿಂತ ಸದಾಶಿವಗಡ ಎಲ್ಲರಿಗೂ ಥಟ್ಟನೆ ನೆನಪಾಗುತ್ತದೆ. ಆದರೆ ಸದಾಶಿವಗಡವನ್ನು ಕಟ್ಟಿಸಿದ್ದು ಸೋಂದೆಯ ಅರಸರು, 18ನೇ ಶತಮಾನದ ಆರಂಭದಲ್ಲಿ. ಶಿವಾಜಿ ತೀರಿಕೊಂಡದ್ದು 1680ರಲ್ಲಿ. ಅಲ್ಲದೆ ಇವರು ಹೋದದ್ದು ಹೊಳೆಯ ಮೇಲಕ್ಕೆ, ವಾಪಸ್ ಅಳಿವೆಗೆ ಬರಲು ಬಹಳ ಹೊತ್ತು ಬೇಕಾಯಿತು. 1675ರಲ್ಲಿ ಶಿವಾಜಿ ಫೋಂಡಾ ಗೆದ್ದ ಮೇಲೆ ಕಾರವಾರ, ಅಂಕೋಲಾ, ಶಿವೇಶ್ವರ, ಕದ್ರಾ ಕೋಟೆಗಳೆಲ್ಲ ಮರಾಠರ ಕೈಗೆ ಬಂದವು. ಕದ್ರಾ ಒಂದೇ ಸಂಜೆಯಲ್ಲಿ ಹೋಗಿಬರಲಾಗದಷ್ಟು ದೂರ. ಟಾಗೋರರು ಕೋಟೆಯ ಹೆಸರು ಬರೆದಿಲ್ಲ. ಬಹುಶಃ ಅವರಿಗೆ ಕೋಟೆಗಿಂತ ಆ ಅಂಗಳವೇ ಮುಖ್ಯವಾಗಿತ್ತು.

ಬೇರೆಯವರ ಔಟಿಂಗುಗಳು

ಇವರಿಗಿಂತ ಮೊದಲೂ ಕಾರವಾರದಲ್ಲಿ ಗುಂಪು ಕಟ್ಟಿಕೊಂಡು ತಿರುಗಿದವರಿದ್ದಾರೆ. ಇಂಗ್ಲಿಷ್ ಕೋಠಿಯವರು ಊರ ಗಣ್ಯರ ಜೊತೆ, ಆಳುಕಾಳುಗಳ ಜೊತೆ ಕಾಡಿಗೆ ಬೇಟೆಗೆ ಹೋಗುತ್ತಿದ್ದುದನ್ನು 18ನೇ ಶತಮಾನದ ಆರಂಭದ ಪ್ರವಾಸಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಬರೆದಿದ್ದಾನೆ. ಅದಕ್ಕೂ ಮುಂಚೆ, 1670ರ ದಶಕದಲ್ಲಿ, ಕಂಪನಿಯ ವೈದ್ಯ ಜಾನ್ ಫ್ರೈಯರ್ ಕಾರವಾರದಿಂದ ಗೋಕರ್ಣಕ್ಕೆ ಹೋಗಿದ್ದ. ದಾರಿಯಲ್ಲಿ ಅವನು ಕಂಡ ಅಂಕೋಲೆ ಯುದ್ಧದಲ್ಲಿ ಅರ್ಧ ಸುಟ್ಟುಹೋದ ಪೇಟೆ. ಈ ಪ್ರವಾಸಗಳಲ್ಲೆಲ್ಲ ಬಂದೂಕು ಇದೆ, ಪರಿವಾರ ಇದೆ, ಇಲ್ಲಾ ಬೆಂಕಿಯ ವಾಸನೆ ಇದೆ. ಒಂದು ದೋಣಿ, ಒಂದು ಬುತ್ತಿ ಅಷ್ಟೇ ಇಟ್ಟುಕೊಂಡು ಹೋಗಿಬರಲು ಊರಲ್ಲಿ ಶಾಂತಿಯೂ ಇರಬೇಕು ನೋಡಿ.

ಊರಿನವರ ತಿರುಗಾಟವೇ ಬೇರೆ. ಪುಷ್ಯ ಹುಣ್ಣಿಮೆಗೆ ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆ. ಮೀನುಗಾರರ ದೋಣಿಗಳಲ್ಲಿ ಬಾಳೆಗೊನೆ ಹೊತ್ತು ಜನ ಹೋಗುತ್ತಾರೆ, ಇಳಿದು ಗುಡ್ಡ ಹತ್ತುತ್ತಾರೆ. ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಸುಗ್ಗಿಯಲ್ಲಿ ತುರಾಯಿ ಕಟ್ಟಿದ ಗಂಡಸರ ತಂಡ ದಿನಗಟ್ಟಲೆ ಮನೆಯಿಂದ ಮನೆಗೆ ಕುಣಿಯುತ್ತಾ ನಡೆಯುತ್ತದೆ. ಮೈ ದಣಿಯೋ ಲೆಕ್ಕದಲ್ಲಿ ಯಾವ ಜಿಮ್ಮೂ ಇದರ ಮುಂದೆ ಇಲ್ಲ. 1930ರ ಏಪ್ರಿಲಿನಲ್ಲಿ ಇದೇ ಅಂಕೋಲೆಯ ಜನ ಸಾಲುಗಟ್ಟಿ ಕಡಲಿನ ಕಡೆ ನಡೆದು ಉಪ್ಪು ತಂದರು. ಅದು ಸತ್ಯಾಗ್ರಹ, ಔಟಿಂಗ್ ಅಲ್ಲ, ನಿಜ. ಆದರೆ ದಂಡೆ ಎಲ್ಲರದ್ದು ಅನ್ನುವ ಮಾತನ್ನು ಅಷ್ಟು ಗಟ್ಟಿಯಾಗಿ ನಡೆದು ತೋರಿಸಿದವರು ಬೇರೆ ಇಲ್ಲ.

ದಂಡೆ ಎಷ್ಟು ಉಳಿದಿದೆ?

ನನಗೆ ಇದನ್ನೆಲ್ಲ ಬರೆಯಬೇಕು ಅನ್ನಿಸಿದ್ದೇ ಈ ಪ್ರಶ್ನೆಯಿಂದ. 1986ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. 2005ರ ಮೇ 31ರಂದು ಐಎನ್‌ಎಸ್ ಕದಂಬ ಶುರುವಾಯಿತು. ಪೇಟೆಯ ದಕ್ಷಿಣಕ್ಕೆ ಬಿಣಗಾ, ಅರ್ಗಾದಿಂದ ಅಂಕೋಲೆಯ ಕಡೆಗೆ ಉದ್ದಕ್ಕೂ ಇದ್ದ ದಂಡೆ ಬೇಲಿಯೊಳಗೆ ಹೋಯಿತು. ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬ ಊರು ಬಿಟ್ಟವು. 1498ರಲ್ಲಿ ವಾಸ್ಕೋ ಡ ಗಾಮ ತಂಗಿದ್ದ, 1505ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದ ಅಂಜದೀವ ದ್ವೀಪ ನೌಕಾಪಡೆಯ ವಶದಲ್ಲಿದೆ. ಅಲ್ಲಿನ ಚರ್ಚಿನ ಹಬ್ಬಕ್ಕೆ ಜನ ದೋಣಿಯಲ್ಲಿ ಹೋಗುತ್ತಿದ್ದುದು ನಿಂತಿದೆ. ದೇಶದ ರಕ್ಷಣೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೊಟ್ಟದ್ದು ಏನು ಅಂತ ಲೆಕ್ಕ ಇಡೋದರಲ್ಲಿ ತಪ್ಪೇನೂ ಇಲ್ಲ.

ಉಳಿದದ್ದು ಕಾಳಿಯ ಅಳಿವೆಯಿಂದ ಪೇಟೆಯವರೆಗಿನ ದಂಡೆ. ಟಾಗೋರರು ನಡೆದ ಆ ಮರಳೇ. ಈಗ ಅವರ ಹೆಸರೇ ಅದಕ್ಕಿದೆ. 2020ರ ಜನವರಿಯಲ್ಲಿ ಸಾಗರಮಾಲಾ ಯೋಜನೆಯ ಬಂದರು ವಿಸ್ತರಣೆಗೆ ಅಲೆತಡೆ ಗೋಡೆ ಕಟ್ಟಲು ಹೊರಟಾಗ ಮೀನುಗಾರರು, ಊರವರು ಬೀದಿಗಿಳಿದರು. ಇದೊಂದೇ ದಂಡೆ ಉಳಿದಿದೆ, ಇದನ್ನೂ ಕೊಟ್ಟರೆ ದೋಣಿ ಎಳೆಯೋದೆಲ್ಲಿ, ಮಕ್ಕಳು ಆಡೋದೆಲ್ಲಿ ಅನ್ನೋದು ಅವರ ಪ್ರಶ್ನೆ. ಹೈಕೋರ್ಟು ಕೆಲಸಕ್ಕೆ ತಡೆ ಕೊಟ್ಟಿತು.

ಹಾಗಂತ ಕಟ್ಟಿದ್ದೆಲ್ಲ ಶಾಶ್ವತವೂ ಅಲ್ಲ. ಕೋಡಿಬಾಗ ಮತ್ತು ಸದಾಶಿವಗಡದ ನಡುವಿನ ನಾಲ್ಕು ದಶಕದ ಹಳೆ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕಳಚಿ ಹೊಳೆಗೆ ಬಿತ್ತು. ಅದರ ಮೇಲಿದ್ದ ಲಾರಿಯೂ ಬಿತ್ತು, ಡ್ರೈವರನನ್ನು ಉಳಿಸಿದರು. ಆ ಸೇತುವೆ ಬರುವ ಮೊದಲು ಅಲ್ಲಿ ದಾಟಲು ದೋಣಿಯೇ ಗತಿಯಾಗಿತ್ತು.

ಹೋಗೋದಾದರೆ

ಮಳೆಗಾಲ ಬೇಡವೇ ಬೇಡ. ಡಿಸೆಂಬರಿನಿಂದ ಮಾರ್ಚ್ ಒಳ್ಳೆಯದು. ಪಂಚಾಂಗ ನೋಡಿ ಹುಣ್ಣಿಮೆ ಹಿಡಿಯಿರಿ, ಭರ್ತಿ ಸುಕ್ತಿಯ ಹೊತ್ತನ್ನು ಊರಿನ ದೋಣಿಯವರನ್ನೇ ಕೇಳಿ. ರಾತ್ರಿ ದೋಣಿ ಬೇಡ, ಲೈಫ್ ಜಾಕೆಟ್ ಇಲ್ಲದೆ ಹಗಲಲ್ಲೂ ಬೇಡ. ಮಧ್ಯಾಹ್ನ ಸದಾಶಿವಗಡದ ಗುಡ್ಡ ಹತ್ತಿ ಹೊಳೆ ಕಡಲು ಸೇರುವುದನ್ನು ನೋಡಿ. ಕದ್ವಾಡದ ಕಡೆ ಹೊಳೆಯಂಚಿಗೆ ಒಂದು ಸುತ್ತು ಹಾಕಿ. ಸಂಜೆಯಾದ ಮೇಲೆ ಕೋಡಿಬಾಗದ ಕಡೆಯಿಂದ ಪೇಟೆಗೆ ಮರಳಿನ ಮೇಲೆ ನಡೆಯಿರಿ, ಹೆಚ್ಚೆಂದರೆ ಮೂರು ಕಿಲೋಮೀಟರು. ನೀರು ಇಳಿದಾಗ ಒದ್ದೆ ಮರಳು ಗಟ್ಟಿ ಇರುತ್ತದೆ, ಓಡಬಹುದು, ಕಬಡ್ಡಿ ಆಡಬಹುದು, ಬಿದ್ದರೂ ಮೂಳೆ ಮುರಿಯಲ್ಲ. ಬುತ್ತಿ ಕಟ್ಟಿಕೊಂಡು ಹೋಗಿ, ಪ್ಲಾಸ್ಟಿಕ್ಕನ್ನು ವಾಪಸ್ ತನ್ನಿ.

ಒಂದು ದಂಡೆಯನ್ನು ಉಳಿಸೋಕೆ ಕೋರ್ಟು ಬೇಕು, ಹೋರಾಟ ಬೇಕು. ಜೊತೆಗೆ ಅಲ್ಲಿ ನಡೆಯುವವರೂ ಬೇಕು. ಯಾರೂ ನಡೆಯದ ದಂಡೆ ಖಾಲಿ ಜಾಗ ಅಂತ ಕಾಣಿಸೋಕೆ ಹೆಚ್ಚು ಹೊತ್ತು ಬೇಡ.

ನಿಮ್ಮೂರಲ್ಲೂ ಹೀಗೆ ಟಿಕೆಟ್ಟಿಲ್ಲದ, ಬುತ್ತಿಯ ಔಟಿಂಗುಗಳು ಇದ್ದೇ ಇರುತ್ತವೆ. ಹೊಳೆ, ಗುಡ್ಡ, ಕೆರೆ ಏರಿ, ಜಾತ್ರೆ ದಾರಿ... ಯಾರು ಹೋಗುತ್ತಿದ್ದರು, ಯಾವಾಗ ನಿಂತಿತು, ಈಗ ಅಲ್ಲೇನಿದೆ? ಬರೆಯಿರಿ, ಓದಲು ಕಾಯುತ್ತಿರುತ್ತೇನೆ.