ಮಗುವಿನ ಅಸ್ಮಿತೆ

ಅಸ್ಮಿತೆ ಎಂದರೆ ತಾನು ಯಾರು, ಯಾರಿಗೆ ಸೇರಿದ ಜೀವ ಎಂಬುದರ ಬಗ್ಗೆ ವ್ಯಕ್ತಿಯಲ್ಲಿ ಕ್ರಮೇಣ ನೆಲೆಗೊಳ್ಳುವ ಅರಿವು. ಹುಟ್ಟಿದ ಕೂಸಿಗೆ ಈ ಅರಿವು ಇರುವುದಿಲ್ಲ. ಮೂಗಿನ ಮೇಲೆ ಗೊತ್ತಾಗದಂತೆ ಹಚ್ಚಿದ ಬಣ್ಣವನ್ನು ಕನ್ನಡಿಯಲ್ಲಿ ಕಂಡ ಮಗು ಕನ್ನಡಿಯನ್ನು ಮುಟ್ಟುವ ಬದಲು ತನ್ನ ಮೂಗನ್ನೇ ಮುಟ್ಟಿಕೊಳ್ಳುವುದು ಸಾಮಾನ್ಯವಾಗಿ 18ರಿಂದ 24 ತಿಂಗಳ ವಯಸ್ಸಿನಲ್ಲಿ. ಆದರೆ ಕನ್ನಡಿ ತೋರಿಸುವುದು ಮುಖವನ್ನಷ್ಟೇ. ತಾನು ಜಾಣನೋ ದಡ್ಡನೋ, ಬೇಕಾದವನೋ ಬೇಡದವನೋ ಎಂಬುದನ್ನು ಮಗು ಓದಿಕೊಳ್ಳುವುದು ಸುತ್ತಲಿನವರ ಮುಖಗಳಲ್ಲಿ. ಅಮೆರಿಕದ ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಹಾರ್ಟನ್ ಕೂಲಿ 1902ರಲ್ಲಿ ಮಂಡಿಸಿದ ‘ಕನ್ನಡಿ ನಾನು’ ಎಂಬ ಪರಿಕಲ್ಪನೆಯ ಸಾರ ಇದೇ: ಇತರರು ತನ್ನನ್ನು ಹೇಗೆ ಕಾಣುತ್ತಾರೆಂದು ವ್ಯಕ್ತಿ ಊಹಿಸಿಕೊಳ್ಳುತ್ತಾನೋ ಆ ಊಹೆಯಿಂದಲೇ ಅವನ ‘ನಾನು’ ರೂಪುಗೊಳ್ಳುತ್ತದೆ.

ಕುಟುಂಬ ಕೊಡುವ ಮೊದಲ ಗುರುತು ಹೆಸರು. ಹಳೆಯ ಮೈಸೂರು ಭಾಗದಲ್ಲಿ ಊರಿನ ಹಾಗೂ ತಂದೆಯ ಹೆಸರುಗಳ ಇನಿಷಿಯಲ್, ಉತ್ತರ ಕರ್ನಾಟಕದಲ್ಲಿ ಮನೆತನದ ಅಡ್ಡಹೆಸರು, ತುಳುನಾಡಿನ ಬಂಟ, ಬಿಲ್ಲವ ಮೊದಲಾದ ಸಮುದಾಯಗಳಲ್ಲಿ ತಾಯಿಯ ಕಡೆಯಿಂದ ಇಳಿದುಬರುವ ‘ಬರಿ’ ಎಂಬ ವಂಶದ ಗುರುತು, ಹೀಗೆ ಮಗು ಮಾತು ಕಲಿಯುವ ಮೊದಲೇ ಅದರ ಸ್ಥಾನ ನಿಗದಿಯಾಗಿರುತ್ತದೆ. ಜಗಲಿಯ ಮೇಲೆ ಕುಳಿತ ಹಿರಿಯರು ಗುರುತಿಲ್ಲದ ಹುಡುಗನನ್ನು ‘ಯಾರ ಮಗನಪ್ಪಾ ನೀನು?’ ಎಂದು ಕೇಳುವಾಗ ಅವರಿಗೆ ಬೇಕಿರುವುದು ಹುಡುಗನ ಹೆಸರಲ್ಲ, ಮನೆಯ ಹೆಸರು. ಅನೇಕ ವೇಳೆ ಅದರ ಹಿಂದಿರುವ ಜಾತಿಯೂ ಹೌದು. ಅದೇ ಹುಡುಗ ಮನೆಯಲ್ಲಿ ‘ಪುಟ್ಟ’, ಹಾಜರಿ ಪುಸ್ತಕದಲ್ಲಿ ಪೂರ್ಣನಾಮಧಾರಿ, ಆಟದ ಬಯಲಿನಲ್ಲಿ ಗೆಳೆಯರು ಇಟ್ಟ ಇನ್ನಾವುದೋ ಹೆಸರಿನವನು. ಕರೆದಲ್ಲೆಲ್ಲ ಓಗೊಡುತ್ತಾನಾದರೂ ಎಲ್ಲ ಕಡೆಯೂ ಒಂದೇ ಬಗೆಯಲ್ಲಿ ವರ್ತಿಸುವುದಿಲ್ಲ.

ಗೆಳೆಯರ ಪಾತ್ರವನ್ನು ಕುರಿತು ವಿವಾದವಿದೆ. ಅಮೆರಿಕದ ಮನೋವಿಜ್ಞಾನಿ ಜೂಡಿತ್ ರಿಚ್ ಹ್ಯಾರಿಸ್ 1998ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ವ್ಯಕ್ತಿತ್ವದ ಮೇಲೆ ತಂದೆತಾಯಿಯರ ಪಾಲನೆಗಿಂತ ಓರಗೆಯವರ ಗುಂಪಿನ ಪ್ರಭಾವವೇ ಹೆಚ್ಚು ಬಾಳುವಂಥದ್ದು ಎಂದು ವಾದಿಸಿದರು. ಇದು ಅತಿಯಾಯಿತೆಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಭಾಷೆಯ ಮಟ್ಟಿಗೆ ಅವರ ಮಾತನ್ನು ತಳ್ಳಿಹಾಕುವುದು ಕಷ್ಟ. ವಲಸೆ ಹೋದವರ ಮಕ್ಕಳು ತಂದೆತಾಯಿಯರ ಉಚ್ಚಾರವನ್ನು ಬಿಟ್ಟು ಬೀದಿಯ ಉಚ್ಚಾರವನ್ನು ಹಿಡಿಯುತ್ತಾರೆ. ಅಮೆರಿಕದಲ್ಲಿ ಬೆಳೆಯುವ ಕನ್ನಡದ ಮಕ್ಕಳಲ್ಲಿ ಅನೇಕರು ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಾರೆ.

ಪರಿಸರ ಎಂಬುದು ಕಣ್ಣಿಗೆ ಕಾಣುವಷ್ಟಕ್ಕೇ ಮುಗಿಯುವುದಿಲ್ಲ. ಮನೋವಿಜ್ಞಾನಿ ಯೂರಿ ಬ್ರಾನ್‌ಫೆನ್‌ಬ್ರೆನರ್ 1979ರಲ್ಲಿ ವಿವರಿಸಿದಂತೆ ಅದು ಒಂದರ ಹೊರಗೊಂದು ಇರುವ ವೃತ್ತಗಳ ವ್ಯವಸ್ಥೆ. ತಾಯಿ ದುಡಿಯುವ ಗಾರ್ಮೆಂಟ್ಸ್ ಕಾರ್ಖಾನೆಯನ್ನು ಮಗು ಎಂದೂ ನೋಡದಿದ್ದರೂ ಅಲ್ಲಿನ ಪಾಳಿಯ ಹೊತ್ತು ಮಗುವಿನ ಸಂಜೆಯನ್ನು ನಿರ್ಧರಿಸುತ್ತದೆ. ಸಮಾಜದ ತಾರತಮ್ಯ ಎಳೆಯ ಮನಸ್ಸಿಗೆ ಎಷ್ಟು ಬೇಗ ಇಳಿಯುತ್ತದೆಂಬುದನ್ನು ಮನೋವಿಜ್ಞಾನಿಗಳಾದ ಕೆನೆತ್ ಕ್ಲಾರ್ಕ್ ಮತ್ತು ಮೇಮೀ ಕ್ಲಾರ್ಕ್ ದಂಪತಿಯ ಗೊಂಬೆ ಪ್ರಯೋಗ ತೋರಿಸಿತು. ಮೂರರಿಂದ ಏಳು ವರ್ಷದ ಕಪ್ಪು ವರ್ಣದ ಅಮೆರಿಕನ್ ಮಕ್ಕಳ ಮುಂದೆ ಬಣ್ಣವೊಂದನ್ನು ಬಿಟ್ಟು ಉಳಿದೆಲ್ಲದರಲ್ಲೂ ಒಂದೇ ಆಗಿದ್ದ ಗೊಂಬೆಗಳನ್ನಿಟ್ಟು, ಒಳ್ಳೆಯದನ್ನು ಕೊಡು, ಕೆಟ್ಟದಾಗಿ ಕಾಣುವುದನ್ನು ಕೊಡು ಎಂದಾಗ ಹೆಚ್ಚಿನವರು ಬಿಳಿಯದನ್ನು ಒಳ್ಳೆಯದೆಂದೂ ಕಂದುಬಣ್ಣದ್ದನ್ನು ಕೆಟ್ಟದ್ದೆಂದೂ ಆರಿಸಿದರು. ಕೊನೆಗೆ ‘ನಿನ್ನ ಹಾಗಿರುವುದನ್ನು ಕೊಡು’ ಎಂದು ಕೇಳಿದಾಗ ಕೆಲವು ಮಕ್ಕಳು ಅತ್ತರು. ಶಾಲೆಗಳಲ್ಲಿ ವರ್ಣಭೇದವನ್ನು ಅಸಾಂವಿಧಾನಿಕವೆಂದು ಸಾರಿದ 1954ರ ತೀರ್ಪಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೆನೆತ್ ಕ್ಲಾರ್ಕ್ ಅವರ ಬರಹವನ್ನು ಉಲ್ಲೇಖಿಸಿತು. ಕನ್ನಡದಲ್ಲಿ ಇಂಥ ಅನುಭವಕ್ಕೆ ದಾಖಲೆ ಒದಗಿಸಿದ್ದು ಪ್ರಯೋಗಾಲಯವಲ್ಲ, ಆತ್ಮಕಥೆ: ಊರಿಂದ ಬೇರೆಯಾಗಿ ನಿಂತ ಕೇರಿ ಎಂಬ ಜಾಗವೇ ಬಾಲ್ಯದ ಗುರುತಾಗುವ ಬಗೆಯನ್ನು ದಲಿತ ಲೇಖಕರಾದ ಸಿದ್ಧಲಿಂಗಯ್ಯ, ಅರವಿಂದ ಮಾಲಗತ್ತಿ ಮೊದಲಾದವರು ಬರೆದಿದ್ದಾರೆ.

ಈ ಎಲ್ಲ ಗುರುತುಗಳನ್ನೂ ಹರೆಯದವರು ಒಮ್ಮೆ ಹರವಿಕೊಂಡು, ಕೆಲವನ್ನು ಉಳಿಸಿ ಕೆಲವನ್ನು ಕಳಚಿಹಾಕುವ ಘಟ್ಟವನ್ನು ‘ಅಸ್ಮಿತೆಯ ಬಿಕ್ಕಟ್ಟು’ ಎಂದು ಕರೆದವನು ಮನೋವಿಶ್ಲೇಷಕ ಎರಿಕ್ ಎರಿಕ್ಸನ್. 1902ರಲ್ಲಿ ಜರ್ಮನಿಯಲ್ಲಿ ಯಹೂದಿ ತಾಯಿಗೆ ಹುಟ್ಟಿ, ಮಲತಂದೆಯ ಹೋಂಬುರ್ಗರ್ ಎಂಬ ಕುಲನಾಮದಲ್ಲಿ ಬೆಳೆದ ಈತನನ್ನು ಶಾಲೆಯ ಹುಡುಗರು ಯಹೂದಿಯೆಂದು ಛೇಡಿಸಿದರೆ, ನೀಲಿಗಣ್ಣು ಹೊಂಗೂದಲು ಕಂಡು ಯಹೂದಿ ಮಂದಿರದವರು ಹೊರಗಿನವನೆಂದು ಅಣಕಿಸುತ್ತಿದ್ದರು. ಹೆತ್ತ ತಂದೆ ಯಾರೆಂದು ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ. 1939ರಲ್ಲಿ ಅಮೆರಿಕದ ಪ್ರಜೆಯಾಗುವಾಗ ಅವನು ತಾನೇ ಆರಿಸಿಕೊಂಡ ‘ಎರಿಕ್ಸನ್’ ಎಂಬ ಕುಲನಾಮದ ಅರ್ಥ ‘ಎರಿಕ್‌ನ ಮಗ’.