ಕುಂಬಳಕಾಯಿ ಬಿಯರಿನ ಎರಡು ಜನ್ಮ

ಆಗಸ್ಟ್ ಮುಗಿಯುವ ಮೊದಲೇ ನಾನಿರುವ ಫಿಲಡೆಲ್ಫಿಯಾದ ಬಿಯರ್ ಅಂಗಡಿಗಳಲ್ಲಿ ಕಿತ್ತಳೆ ಬಣ್ಣದ ಲೇಬಲ್ಲುಗಳು ಕಾಣಿಸಿಕೊಳ್ಳುತ್ತವೆ. ಹೊಲದಲ್ಲಿ ಕುಂಬಳಕಾಯಿ ಆಗಿನ್ನೂ ಬಲಿಯುತ್ತಿರುತ್ತದೆ, ಅದರ ಹೆಸರಿನ ಬಿಯರ್ ಮಾತ್ರ ಶೀಷೆಗೆ ಇಳಿದಾಗಿರುತ್ತದೆ. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದ ಮೇಲೆ ಅದನ್ನು ಕೇಳುವವರಿಲ್ಲ. ನಾನು ಶಿರಸಿ ಕಡೆಯವನು. ಈ ಬಿಯರುಗಳನ್ನು ಸಣ್ಣ ಲೋಟಗಳಿಗೆ ಸುರಿದುಕೊಂಡು ಒಂದರ ಪಕ್ಕ ಒಂದಿಟ್ಟು ರುಚಿ ನೋಡುವುದು ನನಗೆ ವರ್ಷಂಪ್ರತಿ ರೂಢಿ. ಮೊದಲು ಮೂಗಿಗೆ ಬರುವುದು ಚಕ್ಕೆ, ಆಮೇಲೆ ಜಾಯಿಕಾಯಿ, ಲವಂಗ. ಕುಂಬಳಕಾಯಿ ಎಲ್ಲಿ ಹೋಯಿತು ಎಂದು ಹುಡುಕುತ್ತ ಹೋದಾಗ ತಿಳಿದದ್ದು ಇದು: ಹೆಸರು ಒಂದೇ ಆದರೂ ಹಿಂದಿನ ಕುಂಬಳ ಬಿಯರ್ ಮತ್ತು ಇಂದಿನದು ಎರಡು ಬೇರೆ ಬೇರೆ ಪಾನೀಯಗಳು.

17ನೇ ಶತಮಾನದಲ್ಲಿ ಇಂಗ್ಲೆಂಡಿನಿಂದ ಬಂದು ಅಮೆರಿಕದ ಪೂರ್ವ ಕರಾವಳಿಯಲ್ಲಿ ನೆಲೆಸಿದವರಿಗೆ ಬಿಯರ್ ಇಲ್ಲದೆ ದಿನ ಸಾಗುತ್ತಿರಲಿಲ್ಲ. ಬಿಯರಿಗೆ ಮಾಲ್ಟ್ ಬೇಕು, ಅಂದರೆ ನೆನೆಸಿ, ಮೊಳಕೆ ಬರಿಸಿ, ಒಣಗಿಸಿದ ಬಾರ್ಲಿ. ಹೊಸ ನೆಲದಲ್ಲಿ ಬಾರ್ಲಿ ಸಾಲುತ್ತಿರಲಿಲ್ಲ. ಹಡಗಿನಲ್ಲಿ ತರಿಸಿದರೆ ದುಬಾರಿ. ಅಲ್ಲಿನ ಮೂಲನಿವಾಸಿಗಳು ಮೆಕ್ಕೆಜೋಳದ ಜೊತೆ ಕುಂಬಳವನ್ನು ತಲೆತಲಾಂತರದಿಂದ ಬೆಳೆಯುತ್ತಿದ್ದರು. ಸಿಹಿ ಇರುವುದೆಲ್ಲ ಹುದುಗುತ್ತದೆ ಎಂಬುದು ಗೊತ್ತಿದ್ದ ವಲಸೆಗಾರರು ಕಾಕಂಬಿ, ಪಾರ್ಸ್ನಿಪ್ ಗೆಡ್ಡೆಗಳ ಜೊತೆ ಕುಂಬಳಕ್ಕೂ ಕೈಹಾಕಿದರು. ವರ್ಜೀನಿಯಾದ ಜಮೀನ್ದಾರ ಲ್ಯಾಂಡನ್ ಕಾರ್ಟರ್ ತನ್ನ ದಿನಚರಿಯಲ್ಲಿ ಕುಂಬಳದಿಂದ ಪಾನೀಯ ಮಾಡಿದ ಪ್ರಯೋಗವನ್ನು ಬರೆದಿಟ್ಟಿದ್ದಾನೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ ಊರಿನ ಅಮೆರಿಕನ್ ಫಿಲಸಾಫಿಕಲ್ ಸೊಸೈಟಿಯ ಕಾಗದಪತ್ರಗಳಲ್ಲಿರುವ 1771ರ ಒಂದು ವಿಧಾನ. ಬರೆದವರ ಹೆಸರಿಲ್ಲ. ಕಾಯನ್ನು ಮರದ ದೋಣಿಯಲ್ಲಿ ಜಜ್ಜಿ, ಸೇಬು ಹಿಂಡಿದ ಹಾಗೆ ಹಿಂಡಿ ರಸ ತೆಗೆಯಬೇಕು. ಆ ರಸವನ್ನು ತಾಮ್ರದ ಹಂಡೆಯಲ್ಲಿ ಬಹಳ ಹೊತ್ತು ಕುದಿಸುತ್ತ, ನಾರು ಒಂದಿಷ್ಟೂ ಉಳಿಯದಂತೆ ಮೇಲೆ ಬಂದದ್ದನ್ನು ತೆಗೆಯುತ್ತಿರಬೇಕು. ಆಮೇಲೆ ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂ ಹಾಕಿ, ಆರಿಸಿ, ಮಾಲ್ಟ್ ಬಿಯರಿನ ರೀತಿಯಲ್ಲೇ ಹುದುಗಲು ಬಿಡಬೇಕು. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನಹಾಲು ಕುದಿಯುವಾಗ ಕೊಳೆ ತೆಗೆಯುವುದನ್ನು ಕಂಡವರಿಗೆ ಈ ಕೆಲಸ ಕಣ್ಣಿಗೆ ಕಟ್ಟುತ್ತದೆ. ಅಷ್ಟು ಹೊತ್ತು ಕುದಿಸುವುದಕ್ಕೆ ಕಾರಣವೂ ಊಹೆಗೆ ಸಿಗುವಂಥದ್ದೇ: ಕುಂಬಳದ ರಸ ತೆಳು, ಅದರಲ್ಲಿ ಸಿಹಿ ಕಡಿಮೆ, ನೀರು ಇಂಗದಿದ್ದರೆ ಬಿಯರಿಗೆ ಕಸುವು ಬರುವುದಿಲ್ಲ. ಈ ವಿಧಾನದಲ್ಲಿ ಮಾಲ್ಟ್ ಇಲ್ಲ. ಚಕ್ಕೆ, ಜಾಯಿಕಾಯಿಯಂತೂ ಇಲ್ಲವೇ ಇಲ್ಲ.

ಹಾಗೆಂದು ಆ ಕಾಲದವರಿಗೆ ಮಸಾಲೆ ಗೊತ್ತಿರಲಿಲ್ಲವೆಂದಲ್ಲ. 1796ರಲ್ಲಿ ಹಾರ್ಟ್‌ಫರ್ಡ್‌ನಲ್ಲಿ ಅಚ್ಚಾದ ಅಮೀಲಿಯಾ ಸಿಮನ್ಸ್ ಅವರ ಅಡುಗೆ ಪುಸ್ತಕದಲ್ಲಿ ಕುಂಬಳದ ಸಿಹಿತಿಂಡಿಗೆ ಶುಂಠಿ, ಜಾಯಿಕಾಯಿ, ಜಾಪತ್ರೆ ಹಾಕಲು ಹೇಳಿದೆ. ಮಸಾಲೆ ತಿಂಡಿಗೆ ಹೋಗುತ್ತಿತ್ತು, ಬಿಯರಿಗಲ್ಲ. ಮುಂದೆ ಬಾರ್ಲಿ ಬೇಸಾಯ ಹಬ್ಬಿ ಮಾಲ್ಟ್ ಧಾರಾಳವಾಗಿ ಸಿಗತೊಡಗಿತು. ಇಲ್ಲದ ಕಾಲದ ಬಿಯರನ್ನು ಜನ ಕೈಬಿಟ್ಟರು, ಮಸಾಲೆ ಹಾಕಿ ಹಿಟ್ಟಿನ ಹೊದಿಕೆಯಲ್ಲಿ ಬೇಯಿಸಿದ ಕುಂಬಳದ ಪೈ ಮಾತ್ರ ಹಬ್ಬದೂಟದಲ್ಲಿ ಉಳಿದುಕೊಂಡಿತು.

ಎರಡನೆಯ ಜನ್ಮ ಆದದ್ದು 1980ರ ದಶಕದಲ್ಲಿ, ಕ್ಯಾಲಿಫೋರ್ನಿಯಾದ ಹೇವರ್ಡ್‌ನಲ್ಲಿ. ಅಲ್ಲಿ 1983ರಲ್ಲಿ ಬಫಲೋ ಬಿಲ್ಸ್ ಎಂಬ ಪುಟ್ಟ ಬ್ರೂವರಿ ತೆರೆದ ಬಿಲ್ ಓವೆನ್ಸ್ ಹೆಸರಾಂತ ಛಾಯಾಗ್ರಾಹಕರೂ ಹೌದು. ಜಾರ್ಜ್ ವಾಷಿಂಗ್ಟನ್ ಕಾಲದಲ್ಲಿ ಬಿಯರಿಗೆ ಕುಂಬಳ ಬಳಸುತ್ತಿದ್ದರೆಂದು ಓದಿದ ಅವರು ತಾವೇ ದೊಡ್ಡ ಕಾಯಿ ಬೆಳೆದು, ಸುಟ್ಟು, ಮಾಲ್ಟ್ ಜೊತೆ ಹಾಕಿದರು. ಕುಡಿದು ನೋಡಿದರೆ ಕುಂಬಳದ ಸುಳಿವೇ ಇಲ್ಲ. ಇದ್ದ ಸಿಹಿಯನ್ನೆಲ್ಲ ಯೀಸ್ಟ್ ತಿಂದುಬಿಡುತ್ತದೆ. ಕಾಯಿಯ ಸ್ವಂತ ಪರಿಮಳವೋ ತೀರಾ ಮೆದು. ಓವೆನ್ಸ್ ಅಂಗಡಿಗೆ ಹೋಗಿ ಪೈಗೆ ಹಾಕುವ ಮಸಾಲೆಪುಡಿ ಕೊಂಡುತಂದರು, ಕಾಫಿ ಪರ್ಕೊಲೇಟರಿನಲ್ಲಿ ಅದರ ಕಷಾಯ ಇಳಿಸಿ ಬಿಯರಿಗೆ ಬೆರೆಸಿದರು. ಈಗ ಅಂಗಡಿಗೆ ಬರುವ ಕುಂಬಳ ಬಿಯರುಗಳಲ್ಲಿ ಬಹುಪಾಲು ಆ ಕಷಾಯದ ಸಂತತಿ.

ಸಂತತಿಯಲ್ಲೂ ಭೇದವಿದೆ. ಮೇನ್ ರಾಜ್ಯದ ಶಿಪ್‌ಯಾರ್ಡ್ ಬ್ರೂವರಿಯವರ ಪಂಪ್ಕಿನ್‌ಹೆಡ್ ಹಗುರ, ಚಕ್ಕೆ ಮೇಲ್ಮೇಲೆ ತೇಲಿದಂತಿರುತ್ತದೆ, ಗಂಟಲಿಗಿಳಿದ ಮೇಲೆ ಏನೂ ಉಳಿಯುವುದಿಲ್ಲ. ನ್ಯೂಯಾರ್ಕ್ ರಾಜ್ಯದ ಸದರ್ನ್ ಟಿಯರ್‌ನವರ ಪಮ್‌ಕಿಂಗ್‌ನಲ್ಲಿ ಶೇಕಡಾ 8.6 ಆಲ್ಕೋಹಾಲ್. ವೆನಿಲಾ, ಬೇಯಿಸಿದ ಹಿಟ್ಟಿನ ಘಮ, ಪೈಯನ್ನೇ ಕರಗಿಸಿ ಕುಡಿಸುತ್ತಾರೆ. ಡೆಲವೇರ್‌ನ ಡಾಗ್‌ಫಿಶ್ ಹೆಡ್‌ನವರ ಪಂಕಿನ್ ಏಲ್ ನನ್ನ ಆಯ್ಕೆ. ಯಂತ್ರಗಳಿಂದ ಕುಂಬಳಕಾಯಿ ಎಸೆಯುವ ಅಲ್ಲಿನ ಸ್ಪರ್ಧೆಯ ಜೊತೆಗೆ 1994ರಲ್ಲಿ ನಡೆದ ಅಡುಗೆ ಪಂದ್ಯದಲ್ಲಿ ಅದು ಗೆದ್ದಿತ್ತು. ಬ್ರೂವರಿ ಶುರುವಾದದ್ದೇ ಮರುವರ್ಷ. ಅದರಲ್ಲಿ ಮಾಲ್ಟ್ ಮುಂದೆ ನಿಲ್ಲುತ್ತದೆ, ಮಸಾಲೆ ಹಿಂದೆ ಸರಿದು ನಡೆಯುತ್ತದೆ.

ಅಮೆರಿಕದ ನನ್ನ ಗೆಳೆಯರು ಈ ಮೂರರಲ್ಲೂ ಕುಂಬಳದ ರುಚಿ ಇದೆ ಎನ್ನುತ್ತಾರೆ. ಸುಳ್ಳಲ್ಲ, ಅವರು ಕುಂಬಳ ತಿಂದು ಬೆಳೆದದ್ದೇ ಪೈಯಲ್ಲಿ. ನಾನು ತಿಂದದ್ದು ಸಾಸಿವೆ ಒಗ್ಗರಣೆ, ಕಾಯಿತುರಿ ಹಾಕಿದ ಸಿಹಿಗುಂಬಳದ ಪಲ್ಯ. ನಮ್ಮ ಸಿಹಿಗುಂಬಳವೂ ಅಮೆರಿಕದ ಕುಲದ್ದೇ, ಹಡಗು ಹತ್ತಿ ಬಂದದ್ದು. ಜಾಯಿಕಾಯಿ ನನಗೆ ಅಡಿಕೆ ತೋಟದ ನಡುವೆ ಬೆಳೆಯುವ ಮರ, ಸಾಣೆಕಲ್ಲಿನ ಮೇಲೆ ತೇಯ್ದು ಎಳೆಮಗುವಿನ ನಾಲಿಗೆಗೆ ಸವರುವ ಮದ್ದು. ಅದು ಎಷ್ಟೇ ಘಮಘಮಿಸಲಿ, ನನ್ನ ನಾಲಿಗೆ ಅದನ್ನು ಕುಂಬಳ ಎಂದು ಒಪ್ಪುವುದಿಲ್ಲ.

ಅದಕ್ಕೇ ಇಲ್ಲಿನ ಸಣ್ಣ ಬ್ರೂವರಿಗಳವರು ಸಿಕ್ಕಾಗಲೆಲ್ಲ ಒಂದು ಕೋರಿಕೆ ಮುಂದಿಡುತ್ತೇನೆ. ಆಗಸ್ಟಿನ ಅವಸರ ಬಿಡಿ, ಕಾಯಿ ಬಲಿಯಲಿ, ಮಸಾಲೆ ಡಬ್ಬಿಗೆ ಕೈಹಾಕದೆ 1771ರ ವಿಧಾನದಲ್ಲಿ ಒಂದೇ ಒಂದು ಪೀಪಾಯಿ ಮಾಡಿ. ಹಾಪ್ಸಿನ ಕಹಿಯೊಂದೇ ಜೊತೆಗಿರುವಾಗ ಹುದುಗಿದ ಕುಂಬಳ ಹೇಗಿರುತ್ತದೆಂದು ನೋಡಲು ಮೊದಲ ಲೋಟಕ್ಕೆ ನಾನೇ ದುಡ್ಡು ಕೊಡುತ್ತೇನೆ.